ಸೈಕಲ್ ಲೇನ್‌ಗೆ ದುಡ್ಡು ಕೊಟ್ಟವರು ಯಾರು?

‘ರೋಡ್ ಟ್ಯಾಕ್ಸ್ ಕಟ್ಟೋರು ನಾವು, ಸೈಕಲ್‌ನವರು ಬಿಡಿಗಾಸೂ ಕೊಡಲ್ಲ, ಅವರಿಗೇಕೆ ಪ್ರತ್ಯೇಕ ಲೇನ್?’ ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಇದು ತಪ್ಪು.

ಜನ ‘ರೋಡ್ ಟ್ಯಾಕ್ಸ್’ ಎನ್ನುವುದು ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ, 1957ರ ಪ್ರಕಾರ ವಾಹನದ ಮೇಲೆ ಹಾಕುವ ತೆರಿಗೆ. ಅದನ್ನು ರಸ್ತೆಗೇ ಖರ್ಚು ಮಾಡಬೇಕು ಎಂಬ ಷರತ್ತಿಲ್ಲ. ಹಣ ರಾಜ್ಯದ ಸಂಚಿತ ನಿಧಿಗೆ (ಸರ್ಕಾರದ ಆದಾಯವೆಲ್ಲ ಬಂದು ಬೀಳುವ ಒಂದೇ ಖಜಾನೆ) ಸೇರಿ, ಶಾಲೆ, ಆಸ್ಪತ್ರೆ, ಸಂಬಳಗಳ ಜೊತೆ ಬಜೆಟ್‌ನಲ್ಲಿ ಹಂಚಿಕೆಯಾಗುತ್ತದೆ. (ಅದರ ಮೇಲಿನ ಸೆಸ್, ಅಂದರೆ ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ಹೆಚ್ಚುವರಿ ತೆರಿಗೆ, ಬೇರೆ ವಿಷಯ.) ಹೆದ್ದಾರಿಗೆ ಟೋಲ್ ಉಂಟು; ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್‌ನಿಂದ ಕೇಂದ್ರದ ರಸ್ತೆ ನಿಧಿಯೂ ಉಂಟು.

ನಿಮ್ಮ ಮನೆ ಮುಂದಿನ ಬೀದಿ? ಅದು ಬಹುಪಾಲು ಪಾಲಿಕೆಯ ಆಸ್ತಿ ತೆರಿಗೆ ಮತ್ತು ಸರ್ಕಾರದ ಅನುದಾನದ್ದು. ಬಾಡಿಗೆ ಮನೆಯ ಸೈಕಲ್ ಸವಾರನೂ ಬಾಡಿಗೆಯ ಮೂಲಕ ಆ ತೆರಿಗೆಯ ಭಾರ ಹೊರುತ್ತಾನೆ. ಸೈಕಲ್ ಕೊಳ್ಳುವಾಗ ಜಿಎಸ್‌ಟಿಯನ್ನೂ ಕಟ್ಟಿರುತ್ತಾನೆ.

ಇನ್ನು ರಸ್ತೆ ಸವೆಯುವ ಲೆಕ್ಕ. 1950ರ ದಶಕದ ಕೊನೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಅಂದಾಜು ಸೂತ್ರ: ಆಕ್ಸಲ್ (ಚಕ್ರಗಳು ಕೂರುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ಸವಾರನ ಸಮೇತ 90 ಕಿಲೋ ಸೈಕಲ್‌ಗೆ ಪ್ರತಿ ಚಕ್ರದ ಮೇಲೆ 45 ಕಿಲೋ. 1,500 ಕಿಲೋ ಕಾರಿನ ಒಂದು ಆಕ್ಸಲ್ ಮೇಲೆ 750. ಹಾನಿಯ ಅಂತರ ಹತ್ತಾರು ಸಾವಿರ ಪಟ್ಟು! ಸೈಕಲ್ ಲೇನ್‌ನ ಡಾಂಬರು ಕಿತ್ತು ಬರುವುದು ಹೆಚ್ಚಾಗಿ ನಿಂತ ನೀರಿನಿಂದ, ಮತ್ತು ಒಳಗೆ ನುಗ್ಗಿ ಪಾರ್ಕ್ ಮಾಡುವ ಕಾರುಗಳಿಂದ.