ಚಿಕ್ಕಪ್ಪನ ಅಜಿಥ್ರೋಮೈಸಿನ್

ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾದ ನಮ್ಮ ಚಿಕ್ಕಪ್ಪ ಹೋದ ವಾರ ಕೊಲೆಸ್ಟ್ರಾಲ್ ಮಾತ್ರೆ ಪಕ್ಕಕ್ಕಿಟ್ಟು ಅಜಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ) ತಂದು ಕೂತಿದ್ದರು. "ಹಾರ್ಟ್ ಅಟ್ಯಾಕ್ ಎಲ್ಲಾ ಬ್ಯಾಕ್ಟೀರಿಯಾದ ಆಟವಂತೆ ಕಣೇ, ವಾಟ್ಸಾಪ್‌ನಲ್ಲಿ ಬಂದಿದೆ."

ಆ ಮೆಸೇಜು ಪೂರ್ತಿ ಸುಳ್ಳಲ್ಲ. ಅದೇ ತೊಂದರೆ.

1988ರಲ್ಲಿ ಫಿನ್‌ಲೆಂಡಿನ ಪೆಕ್ಕಾ ಸೈಕ್ಕು ಮತ್ತು ಸಂಗಡಿಗರು ಹೃದಯಾಘಾತವಾದವರ ರಕ್ತ ಪರೀಕ್ಷಿಸಿದರು. ಕ್ಲಮೈಡಿಯಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ವಿರುದ್ಧ ಹುಟ್ಟುವ ಪ್ರತಿಕಾಯಗಳು ಅವರಲ್ಲಿ ಜಾಸ್ತಿ ಇದ್ದವು. (ಇದು ಶ್ವಾಸಕೋಶಕ್ಕೆ ತಗಲುವ ಜಾತಿ. ಹೆಸರು ನೋಡಿ ಲೈಂಗಿಕ ರೋಗದ್ದು ಅಂತ ಗಾಬರಿಯಾಗಬೇಡಿ.) ಆಮೇಲೆ ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬಿನಲ್ಲೂ ಅದು ಸಿಕ್ಕಿತು. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅಂತ ವೈದ್ಯರು ಒಪ್ಪಿಕೊಳ್ಳುತ್ತಿದ್ದ ಕಾಲ ಅದು. ಹೃದಯದ್ದೂ ಹಾಗೇ ಇರಬಹುದಲ್ವಾ ಅಂತ ಆಸೆ ಹುಟ್ಟಿತು.

ಆದರೆ ಕೊಳೆತ ಹಣ್ಣಿನ ಮೇಲೆ ನೊಣ ಕೂತಿದೆ ಅಂದ ಮಾತ್ರಕ್ಕೆ ಹಣ್ಣು ಕೊಳೆಸಿದ್ದು ನೊಣವೇ ಅನ್ನೋಕಾಗಲ್ಲ. ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ಹೃದ್ರೋಗವಿದ್ದ 4,012 ಜನರನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ವಾರಕ್ಕೊಂದರಂತೆ ವರ್ಷವಿಡೀ ಇದೇ ಅಜಿಥ್ರೋಮೈಸಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 2005ರಲ್ಲಿ ಫಲಿತಾಂಶ ಬಂತು. ಏನೂ ಪ್ರಯೋಜನವಿಲ್ಲ. ಡೆನ್ಮಾರ್ಕ್‌ನಲ್ಲಿ ಹೃದ್ರೋಗಿಗಳಿಗೆ ಎರಡು ವಾರ ಕ್ಲಾರಿಥ್ರೋಮೈಸಿನ್ ಅನ್ನೋ ಅದೇ ಜಾತಿಯ ಆಂಟಿಬಯಾಟಿಕ್ ಕೊಟ್ಟು ನೋಡಿದರೆ, ಅದನ್ನು ತೆಗೆದುಕೊಂಡವರಲ್ಲೇ ಹೃದಯದ ಕಾಯಿಲೆಯಿಂದ ಸತ್ತವರು ಜಾಸ್ತಿ!

ಹಾಗಂತ ಬ್ಯಾಕ್ಟೀರಿಯಾಕ್ಕೆ ಸಂಬಂಧವೇ ಇಲ್ಲ ಅನ್ನೋದೂ ಆತುರದ ಮಾತು ಅನ್ನಿಸುತ್ತದೆ ನನಗೆ. ಮೂವತ್ತು ವರ್ಷ ಕಟ್ಟಿಕೊಂಡದ್ದನ್ನು ಒಂದು ವರ್ಷದ ಮಾತ್ರೆ ಬಿಡಿಸೀತೇ? ನಾಳದೊಳಗಿನ ಉರಿಯೂತವಂತೂ (ಸೋಂಕು, ಗಾಯದ ವಿರುದ್ಧ ದೇಹ ಕೆರಳುವುದು) ನಿಜ. 2017ರಲ್ಲಿ ಹೊರಬಂದ ಪರೀಕ್ಷೆಯಲ್ಲಿ ಹತ್ತು ಸಾವಿರ ಜನರ ಮೇಲೆ ಕನಾಕಿನುಮಾಬ್ ನೋಡಿದರು. ಅದು ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧ. ಪರೀಕ್ಷಿಸಿದ ಡೋಸ್‌ಗಳಲ್ಲಿ ಒಂದರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು 15% ಕಡಿಮೆಯಾದವು. ಜೀವ ತೆಗೆಯುವ ಸೋಂಕುಗಳು ಮಾತ್ರ ಹೆಚ್ಚಾದವು.

ನನ್ನ ಲೆಕ್ಕ ಇಷ್ಟು. ಒಲೆ ಹಚ್ಚುವುದು ಕೊಲೆಸ್ಟ್ರಾಲ್, ಬಿಪಿ, ಶುಗರ್, ಬೀಡಿ. ಬ್ಯಾಕ್ಟೀರಿಯಾ ಪಕ್ಕದಲ್ಲಿ ಕೂತು ಊದುಗೊಳವೆಯಲ್ಲಿ ಊದುತ್ತಿರಬಹುದು. ಅದರಲ್ಲೂ ವಸಡಿನದು. ವಸಡು ಕೆಟ್ಟಿದ್ದರೆ ಹಲ್ಲುಜ್ಜುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕಿಳಿಯುತ್ತದೆ. ವಸಡಿನ ಕಾಯಿಲೆ ಇದ್ದವರಲ್ಲಿ ಹೃದ್ರೋಗವೂ ಜಾಸ್ತಿ. ಆದರೆ ಬೀಡಿ ಸೇದಿದರೆ ಎರಡೂ ಬರುತ್ತವಲ್ಲ, ಅದಕ್ಕೇ ಯಾವುದಕ್ಕೆ ಯಾವುದು ಕಾರಣ ಅಂತ ಬಿಡಿಸಿ ಹೇಳೋದು ಕಷ್ಟ.

ಇಷ್ಟೆಲ್ಲ ಕೇಳಿ ಚಿಕ್ಕಪ್ಪ ಗೊಣಗುತ್ತಲೇ ಹಳೇ ಮಾತ್ರೆ ಕೈಗೆತ್ತಿಕೊಂಡರು. "ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಷ್ಟು ದಿನ ಆಯ್ತು? ಹಲ್ಲುಜ್ಜಿದರೆ ರಕ್ತ ಬರುತ್ತೆ ಅಂತಿದ್ರಲ್ಲ" ಅಂತ ಕೇಳಿದೆ.

"ಹಾರ್ಟಿಗೂ ಹಲ್ಲಿಗೂ ಏನೇ ಸಂಬಂಧ?" ಅಂದರು.