ಎಷ್ಟು ಕೆಜಿ ಇಳಿದ್ರಿ ಅಂತ ಮಾತ್ರ ಕೇಳ್ಬೇಡಿ

ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡು ಈ ತಿಂಗಳಿಗೆ ಮೂರು ವರ್ಷ. ಮದುವೆ ಮನೇಲಿ, ಸ್ಕೂಲಲ್ಲಿ, ಬಸ್ ಸ್ಟಾಪಲ್ಲಿ ಎಲ್ರೂ ಕೇಳೋದು ಒಂದೇ, "ಎಷ್ಟು ಕೆಜಿ ಇಳಿದ್ರಿ ಮೇಡಂ?" 112 ಇದ್ದೆ, ಈಗ 82. ಮುಚ್ಚಿಡೋದೇನಿಲ್ಲ. ಆದ್ರೆ ಈ ಮೂರು ವರ್ಷದಲ್ಲಿ ನಾನು ಅನುಭವಿಸಿದ್ದು ಆ 30 ಕೆಜಿ ಲೆಕ್ಕಕ್ಕೆ ಸಿಗಲ್ಲ, ಅದಕ್ಕೇ ಬರೀತಿದೀನಿ.

ನಂದು ಸ್ಲೀವ್ ಆಪರೇಷನ್. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಬಾಳೆಕಾಯಿ ಥರ ಉದ್ದಕ್ಕೆ ಒಂಚೂರು ಉಳಿಸ್ತಾರೆ, ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ತೆಗೆದ ಆ ಭಾಗದಲ್ಲೇ, ಹಾಗಾಗಿ ಮೊದಮೊದಲು ನನಗೆ ಹಸಿವೇ ಆಗ್ತಿರ್ಲಿಲ್ಲ, ತೂಕ ವಾರ ವಾರಕ್ಕೂ ಇಳೀತಿತ್ತು. ಶುಗರ್ ಮಾತ್ರೆ ನಿಲ್ತು, ಗೊರಕೆ ನಿಲ್ತು, ಮಂಡಿ ನೋವು ಅರ್ಧಕ್ಕರ್ಧ ಕಮ್ಮಿ ಆಯ್ತು. ಇದನ್ನ ಶಾರ್ಟ್‌ಕಟ್ ಅನ್ನೋರ ಹತ್ರ ನಾನು ಜಗಳಾನೇ ಆಡಿದೀನಿ.

ಆದ್ರೆ ಇಳಿಯೋದು ಬರೀ ಕೊಬ್ಬಲ್ಲ, ಅದರ ಜೊತೆ ಮಾಂಸಖಂಡಾನೂ ಕರಗತ್ತೆ. ಇದನ್ನ ಮನಸ್ಸಿಗೆ ನಾಟೋ ಹಾಗೆ ನನಗೆ ಯಾರೂ ಹೇಳ್ಲಿಲ್ಲ. ಎಂಟನೇ ತಿಂಗಳಲ್ಲಿ ಒಂದಿನ ದೇವರ ಮನೇಲಿ ನೆಲದ ಮೇಲೆ ಕೂತೆ, ಏಳಕ್ಕಾಗ್ಲಿಲ್ಲ. ಆಗ 88 ಕೆಜಿ, ಎಲ್ರೂ ಹೊಗಳ್ತಿದ್ದ ಕಾಲ, ನಾನು ಬಾಗಿಲು ಹಿಡ್ಕೊಂಡು ಎದ್ದು ಅಡುಗೆಮನೇಲಿ ನಿಂತು ಅತ್ತೆ.

ಫಿಸಿಯೋಥೆರಪಿಯವರು ಕುರ್ಚಿ ಮೇಲೆ ಕೂರ್ಸಿ, ಕೈ ಎದೆ ಮೇಲೆ ಕಟ್ಕೊಳಿ, 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರ ನೋಡೋಣ ಅಂದ್ರು. ಏಳು ಸಲ. ದಿನಾ ಎಷ್ಟು ನಡೀತೀರ ಅಂದಾಗ ಈಗಂತೂ ತುಂಬಾ ಓಡಾಡ್ತೀನಿ ಅಂದೆ, ನಿಜವಾಗ್ಲೂ ಹಾಗೇ ನಂಬಿದ್ದೆ, ಆದ್ರೆ ಫೋನ್ ತೆಗೆದು ನೋಡಿದ್ರೆ ಮೂರು ಸಾವಿರ ಹೆಜ್ಜೇನೂ ದಾಟಿರ್ಲಿಲ್ಲ. ಆಮೇಲೆ ಓದಿದೆ, ಆಪರೇಷನ್ ಆದೋರಲ್ಲಿ ಇದು ತುಂಬಾ ಜನಕ್ಕೆ ಹೀಗೇ ಅಂತೆ, ಕೇಳಿದ್ರೆ ಚಟುವಟಿಕೆ ಜಾಸ್ತಿ ಆಗಿದೆ ಅಂತಾರೆ, ಅಳೆಯೋ ಸಾಧನ ಕಟ್ಟಿ ನೋಡಿದ್ರೆ ಮೊದಲಿಗೂ ಈಗ್ಲೂ ಅಷ್ಟೇನೂ ವ್ಯತ್ಯಾಸ ಇರಲ್ಲ. ಮೈ ಹಗುರ ಆದ ತಕ್ಷಣ ಓಡಾಡೋ ಅಭ್ಯಾಸ ತಾನಾಗೇ ಬರಲ್ಲ. 20 ವರ್ಷ ಮೆಟ್ಟಿಲು ತಪ್ಪಿಸ್ಕೊಂಡು, ಕೂರೋ ಜಾಗ ಹುಡುಕ್ಕೊಂಡು ಬದುಕಿದೀನಿ, ಆ ಭಯ ಕಾಲಲ್ಲೇ ಕೂತಿರತ್ತೆ.

ಇನ್ನೊಂದು ವಿಷ್ಯ, ಸುಸ್ತು. ನಾನದನ್ನ ಸೋಮಾರಿತನ ಅನ್ಕೊಂಡು ನನ್ನನ್ನೇ ಬೈಕೊಂಡೆ. ರಕ್ತ ಪರೀಕ್ಷೆ ಮಾಡ್ಸಿದ್ರೆ ಕಬ್ಬಿಣದಂಶ, ಬಿ12 ಎರಡೂ ಕಮ್ಮಿ. ಈ ಆಪರೇಷನ್ ಆದೋರು ದಯವಿಟ್ಟು ವಿಟಮಿನ್ ಮಾತ್ರೆ ನಿಲ್ಲಿಸ್ಬೇಡಿ, ಇದು ಜೀವನಪೂರ್ತಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ನಮ್ಮ ಅನ್ನ ಸಾರಲ್ಲಿ ಅದು ಬರಲ್ಲ, ತಟ್ಟೇಲಿ ಮೊದ್ಲು ಮೊಟ್ಟೆನೋ ಪನೀರೋ ಹೆಸರುಕಾಳು ಉಸ್ಲಿನೋ ತಿಂದು ಆಮೇಲೆ ಅನ್ನ.

ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ತಳ್ಳೋದು, ಎರಡು ನೀರಿನ ಬಾಟಲ್ ಎತ್ತೋದು, ಶುರು ಮಾಡಿದ್ದು ಇಷ್ಟರಿಂದ್ಲೇ. ವಾಕಿಂಗ್ ಒಂದೇ ಸಾಲಲ್ಲ, ಶಕ್ತಿಗೆ ಬೇರೆ ವ್ಯಾಯಾಮ ಬೇಕೇ ಬೇಕು. ಡಾಕ್ಟ್ರುಗಳು ಚೆಕಪ್‌ಗೆ ಹೋದಾಗ ತೂಕದ ಜೊತೆ ಆ ಕುರ್ಚಿ ಪರೀಕ್ಷೇನೂ ಮಾಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಒಂದು ನಿಮಿಷದ ಕೆಲ್ಸ, ಕಾಸು ಖರ್ಚಿಲ್ಲ.

ನನಗೀಗ 15 ಸಲ ಆಗತ್ತೆ. ಕಳೆದೊಂದು ವರ್ಷದಿಂದ ತೂಕ ಒಂದು ಕೆಜೀನೂ ಇಳಿದಿಲ್ಲ, ಆದ್ರೆ ಹೋದ ತಿಂಗಳು ಗೃಹಪ್ರವೇಶದಲ್ಲಿ ಪಂಕ್ತೀಲಿ ನೆಲದ ಮೇಲೆ ಕೂತು ಉಂಡು, ಯಾರ ಕೈನೂ ಹಿಡೀದೆ ಎದ್ದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಸದ್ಯಕ್ಕೆ ನಂದಿವರೆಗೂ ಹತ್ತಿ ವಾಪಸ್ ಬರ್ತೀನಿ. ಈ ಸಲ ಆಷಾಢಕ್ಕೆ ತಂಗಿ ಜೊತೆ ಪೂರ್ತಿ ಹತ್ತೋದು ಅಂತಿದೆ.