ಪತ್ರೊಡೆಯೂ ನನ್ನ ಐಎನ್‌ಆರೂ

ನನ್ನ ಹಾರ್ಟು ತಾಳ ತಪ್ಪಿ ಮೂರು ವರ್ಷ ಆಯ್ತು. ಏಟ್ರಿಯಲ್ ಫಿಬ್ರಿಲೇಶನ್ ಅಂತ ಹೆಸರು. ಮೇಲಿನ ಎರಡು ಕೋಣೆಗಳು ಸರಿಯಾಗಿ ಬಡಿಯೋದು ಬಿಟ್ಟು ಸುಮ್ನೆ ನಡುಗ್ತವೆ, ನಾಡಿ ಹಿಡಿದ್ರೆ ನಿನ್ನೆ ಮೊನ್ನೆ ಚೆಂಡೆ ಕಲೀಲಿಕ್ಕೆ ಸೇರಿದ ಹುಡುಗ ಬಾರಿಸಿದ ಹಾಗೆ, ಯಾವ ಭಾಗವತರಿಗೂ ಪದ ಎತ್ತಲಿಕ್ಕೆ ಆಗ್ಲಿಕ್ಕಿಲ್ಲ. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ತಲೆಗೆ ಹೋದ್ರೆ ಸ್ಟ್ರೋಕು, ಅದಕ್ಕೇ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳುವ ವಾರ್ಫರಿನ್ ಮಾತ್ರೆ. ಹೊಸ ಮಾತ್ರೆ ಬಂದಿದ್ಯಲ್ಲ ಅಂತ ಕೇಳಿದೆ. ನಿಮ್ಮ ಹಾರ್ಟಿನ ಮೈಟ್ರಲ್ ವಾಲ್ವು ಇಕ್ಕಟ್ಟು ಉಂಟು, ನಿಮಗೆ ಹಳೇದೇ ಅಂದ್ರು ಡಾಕ್ಟ್ರು.

ಈ ಹಳೇದರ ಜಾತಕ ನಾನು ಓದಬಾರದಿತ್ತು. 1948ರಲ್ಲಿ ಮಾರ್ಕೆಟಿಗೆ ಬಂದದ್ದೇ ಇಲಿ ಪಾಷಾಣ ಅಂತ. 1954ರಲ್ಲಿ ಮನುಷ್ಯರಿಗೆ ಕೊಡ್ಲಿಕ್ಕೆ ಶುರು ಮಾಡಿದ್ರು, ಮರುವರ್ಷ ಹಾರ್ಟ್ ಅಟ್ಯಾಕ್ ಆದ ಅಮೆರಿಕದ ಪ್ರೆಸಿಡೆಂಟ್ ಐಸೆನ್‌ಹೋವರ್‌ಗೂ ಕೊಟ್ರು. ಇದನ್ನು ಹೆಂಡತಿಗೆ ಹೇಳಿದ್ದು ಎರಡನೇ ತಪ್ಪು. ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಲ್ಲಿ ಇಲಿಗಳದ್ದೇ ಕಾರುಬಾರು, ಸೊಸೈಟಿಯವರು ಗಟಾರದ ಹತ್ರ ಪಾಷಾಣ ಇಟ್ಟ ದಿನ ಇವಳು ನನ್ನ ಮಾತ್ರೆ ಡಬ್ಬಿ ತಂದುಕೊಟ್ಟು, "ತಕೊಳ್ಳಿ, ಇಲಿಗಳದ್ದು ಊಟ ಆಯ್ತು, ನಿಮ್ಮದು ಬಾಕಿ" ಅಂದ್ಲು.

ಶೇವಿಂಗಿನ ಕಥೆ ಬೇರೆಯೇ. ಗದ್ದಕ್ಕೆ ಬ್ಲೇಡು ತಾಗಿದ್ದು ಸಾಸಿವೆಕಾಳಿನಷ್ಟು, ಆದ್ರೆ ಟವೆಲ್ ಒತ್ತಿ ಹಿಡ್ಕೊಂಡು ಇಪ್ಪತ್ತು ನಿಮಿಷ ಕೂತೆ, ಸಿಎಸ್‌ಎಂಟಿ ಫಾಸ್ಟ್ ಲೋಕಲ್ ಹೋಯ್ತು, ಅದರ ಹಿಂದಿನ ಸ್ಲೋನೂ ಹೋಯ್ತು. ಗದ್ದಕ್ಕೆ ಪೇಪರ್ ತುಂಡು ಅಂಟಿಸ್ಕೊಂಡೇ ಆಫೀಸಿಗೆ ಹೋದೆ. ಲೋಕಲಲ್ಲಿ ಯಾರದ್ದೋ ಟಿಫಿನ್ ಬ್ಯಾಗ್ ತಾಗಿದ್ರೂ ಸಾಕು, ತೋಳಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ. ಅದನ್ನು ನೋಡಿ ನನ್ನ ಭಾವ ತನ್ನ ತಂಗಿಯನ್ನು ಒಳಗೆ ಕರೆದು ಎಂತದೋ ಕೇಳಿದ್ನಂತೆ ಮಾರಾಯ್ರೆ. ಜೊತೆಗೆ ಹಾರ್ಟಿನ ಓಟ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಬೇರೆ, ಕೈ ಐಸಿನ ಹಾಗೆ ತಣ್ಣಗೆ, ರಾತ್ರಿ ಬಣ್ಣಬಣ್ಣದ ಕನಸು. ಮೊನ್ನೆ ದಾದರಿನಲ್ಲಿ ಮಹಿಷಾಸುರ ಲೇಡೀಸ್ ಡಬ್ಬಕ್ಕೆ ಹತ್ತಿದ, ಹೆಂಗಸ್ರು ಸೇರಿ ಇಳಿಸಿದ್ರು.

ಇದೆಲ್ಲ ಸಹಿಸಬಹುದು, ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ತಿನ್ನದೆ ಇರೋದು ಹೇಗೆ ಹೇಳಿ.

ಮಾಟುಂಗಾ ಮಾರ್ಕೆಟಲ್ಲಿ ಕೆಸುವಿನ ಎಲೆ ಬಂದಿತ್ತು, ಮಳೆನೀರು ಮುತ್ತಿನ ಹಾಗೆ ಉರುಳುವ ಎಳೇ ಎಲೆ. ಹುಣಿಸೆ, ಬೆಲ್ಲ, ಕೆಂಪು ಮೆಣಸು ಹಾಕಿ ಅರೆದ ಅಕ್ಕಿ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ್ಲು. ಶನಿವಾರ ಬಿಸಿಬಿಸಿ ತೆಂಗಿನೆಣ್ಣೆ ಹಾಕಿ ತಿಂದದ್ದಾಯ್ತು, ಭಾನುವಾರ ತವಾದಲ್ಲಿ ಕಾಯಿಸಿ, ಸೋಮವಾರ ಪುಡಿ ಮಾಡಿ ಒಗ್ಗರಣೆ ಹಾಕಿ. ಗುರುವಾರ ಬ್ಲಡ್ ಟೆಸ್ಟು. ರಕ್ತ ಹೆಪ್ಪುಗಟ್ಟಲಿಕ್ಕೆ ಎಷ್ಟು ತಡ ಮಾಡ್ತದೆ ಅನ್ನೋ ಲೆಕ್ಕವೇ ಈ ಐಎನ್‌ಆರ್, ನನ್ನದು 2ರಿಂದ 3ರೊಳಗೆ ಇರ್ಬೇಕು, ಬಂದದ್ದು 1.5.

ಮಾತ್ರೆ ಬಿಟ್ರಾ ಅಂತ ಕೇಳಿದ್ರು ಡಾಕ್ಟ್ರು. ಇಲ್ಲ ಅಂದೆ. ಮತ್ತೆಂತ ತಿಂದ್ರಿ? ಮರಾಠಿಯವ್ರು, ಪತ್ರೊಡೆ ಅಂದ್ರೆ ಅವ್ರಿಗೆ ಎಲ್ಲಿ ಗೊತ್ತಾಗ್ಬೇಕು, ಅವ್ರ ಭಾಷೆಯಲ್ಲೇ ಅಳೂವಡಿ ಅಂದೆ. ಅವ್ರ ಮುಖ ಅರಳಿತು, ಕೂಡ್ಲೇ ಗಂಭೀರ ಆಯ್ತು.

"ಕಿತೀ ಖಾಲ್ಲ್ಯಾ?" ಎಷ್ಟು ತಿಂದ್ರಿ ಅಂತ.

"ದೋನ್" ಅಂದೆ, ಎರಡು.

ಹಿಂದಿನಿಂದ ಹೆಂಡತಿ, "ದಹಾ, ಹತ್ತು. ಅದೂ ಶನಿವಾರದ್ದು ಮಾತ್ರ."

ಎಲೆಯಲ್ಲಿ ವಿಟಮಿನ್ ಕೆ ಉಂಟು, ಅದು ಈ ಮಾತ್ರೆಯ ಕೆಲಸ ಕೆಡಿಸ್ತದೆ ಅಂತ ಮೊದಲೇ ಹೇಳಿದ್ರು, ನಾನು ಪಾಲಕ್ ಬಿಟ್ಟು ಪುಣ್ಯ ಕಟ್ಟಿಕೊಂಡೆ ಅಂತ ಸುಮ್ಮನಿದ್ದೆ. ಪೂರ್ತಿ ಬಿಡ್ಲಿಕ್ಕೂ ಇಲ್ಲ, ಒಂದು ದಿನ ರಾಶಿ ಒಂದು ದಿನ ಸೊನ್ನೆ ಮಾಡ್ಲಿಕ್ಕೂ ಇಲ್ಲ, ಸೊಪ್ಪು ದಿನಾ ಹೆಚ್ಚುಕಮ್ಮಿ ಅಷ್ಟಷ್ಟೇ ತಿನ್ನಿ ಅಂತ ಡೋಸು ಬದಲಿಸಿ ಕಳಿಸಿದ್ರು.

ನನ್ನ ಹೆಂಡತಿ ಬ್ಯಾಂಕಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವಳು, ಅಷ್ಟಷ್ಟೇ ಅಂದ್ರೆ ಅವಳಿಗೆ ಅಷ್ಟಷ್ಟೇ. ಮರುದಿನವೇ ಮಾಟುಂಗಾಕ್ಕೆ ಹೋಗಿ ಉಳಿದ ಎಲೆಯೆಲ್ಲ ತಂದು ಸುತ್ತಿ, ಬೇಯಿಸಿ, ಒಂದೇ ದಪ್ಪಕ್ಕೆ ಕತ್ತರಿಸಿ ಫ್ರೀಜರಿಗೆ ಹಾಕಿದ್ಲು. ದಿನಾ ಮಧ್ಯಾಹ್ನ ಒಂದು ತುಂಡು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಬೇಡ ಅನ್ಲಿಕ್ಕೂ ಇಲ್ಲ. ಐಎನ್‌ಆರ್ ಈಗ 2.4. ಚೌತಿ ಕಳೀತು, ನವರಾತ್ರಿ ಬಂತು, ಪತ್ರೊಡೆ ನೋಡಿದ್ರೆ ಈಗ ತಲೆ ಸುತ್ತು ಬರ್ತದೆ. ಫ್ರೀಜರಲ್ಲಿ ಇನ್ನೂ ಹನ್ನೊಂದು ತುಂಡು ಉಂಟು.